ಎದುರಿಗೆ ಕೂತು ಕಲಿಸಿದ ಏಳು ದಿನ

2023ರ ಜುಲೈ 3, ಸೋಮವಾರ, ಮಧ್ಯಾಹ್ನ 2.30. ಕುಂದಾಪುರದ ಒಂದು ಮಹಿಳಾ ತರಬೇತಿ ಕೇಂದ್ರದ ಪರವಾಗಿ, ಬ್ರಹ್ಮಾವರದ ನಮ್ಮ ಮನೆಯಿಂದಲೇ ನನ್ನ ಮೊದಲ ಆನ್‌ಲೈನ್ ತರಗತಿ ಶುರುವಾಯಿತು. ವಿಷಯ ಕ್ರೋಶಾ ಕುಚ್ಚು, ಅಂದರೆ ಸೀರೆಯ ಸೆರಗಿಗೆ ಕೊಕ್ಕೆಯಂಥ ಕಡ್ಡಿಯಿಂದ ದಾರ ಹೆಣೆಯುವುದು. ಬಾರ್ಕೂರಿನಿಂದ ಬೈಂದೂರಿನವರೆಗೆ ಹನ್ನೆರಡು ಮಂದಿ, ಇಪ್ಪತ್ತು ತರಗತಿ.

ಮೊಬೈಲನ್ನು ಎದುರಿಗಿಟ್ಟುಕೊಂಡು ಹೆಣೆದು ತೋರಿಸುತ್ತಿದ್ದೆ. ಅವರು ದಿನವೂ ಅರ್ಧ ಮುಗಿದ ಕೆಲಸದ ಫೋಟೊವನ್ನು ಗ್ರೂಪಿಗೆ ಹಾಕಬೇಕು. ಮೊದಲ ಏಳು ದಿನ ನನ್ನ ಪುಸ್ತಕದಲ್ಲಿ ‘ಸರಿ’ ಗುರುತು ಬಿದ್ದದ್ದು ಒಬ್ಬರಿಗೇ, ನಾವುಂದದ ಜಲಜಕ್ಕನಿಗೆ. ನೆಟ್‌ವರ್ಕ್ ಸಾಲದೆ ಅವರ ವಿಡಿಯೊ ಯಾವಾಗಲೂ ಬಂದ್. ನನಗೆ ಗೊತ್ತಿದ್ದದ್ದು ದನಿ ಮಾತ್ರ.

“ಹಿಂದೆ ಎರಡ್ ಸಲ ಹೊಲ್ಗಿ ಕಲೂಕೆ ಹೋಯಿ ಬಿಟ್ಟಿದೆ ಟೀಚರ್ರೇ. ಈ ಸಲ ಬಿಡ್ತಿಲ್ಲೆ. ತಂಗಿ ಧಾರೆ ಸೀರಿಗೆ ನಾನೇ ಕುಚ್ಚ್ ಹಾಕ್ಕ್.”

ಉಳಿದವರದ್ದೆಲ್ಲ ತಿರುಗುಮುರುಗು. ಬಾರ್ಕೂರಿನ ಗಿರಿಜಕ್ಕ ಕೂಗಿದರು: “ಹ್ವಾಯ್ ಟೀಚರ್ರೇ, ನೀವ್ ಎದ್ರ್ ಕೂಕಂಡ್ರೆ ನಮ್ಗೆ ಎಡ ಯಾವ್ದ್ ಬಲ ಯಾವ್ದ್ ಗೊತ್ತಾತಿಲ್ಲೆ. ಇದೆಂತ, ಹಿಡ್ಸುಡಿ ಕಟ್ಟುದಾ ಕೇಂತ್ರ್ ನಮ್ಮನಿಯರ್!” ಹಿಡ್ಸುಡಿ ಎಂದರೆ ನಮ್ಮ ಕಡೆ ಕಡ್ಡಿ ಪೊರಕೆ.

ಎಂಟನೇ ತರಗತಿಗೆ, ಜುಲೈ 12ರಂದು, ಮೊಬೈಲನ್ನು ನನ್ನ ಭುಜದ ಹಿಂದೆ ಎತ್ತರಕ್ಕೆ ಕಟ್ಟಿದೆ. ಈಗ ನೋಡುವವರಿಗೆ ನನ್ನ ಕೈ ತಮ್ಮ ಕೈಯಂತೆಯೇ ಕಾಣುತ್ತದೆ. ಅಂದೇ ಹನ್ನೊಂದು ‘ಸರಿ’. ಜಲಜಕ್ಕನದ್ದು ತಪ್ಪು.

“ನಂಗೀಗ ಕೈಗೇ ಬತ್ತಿಲ್ಲೆ. ಮೊದ್ಲಿನ್ ಹಾಂಗೇ ಕೂಕಣಿ ಕಾಂಬ.”

“ಹನ್ನೊಂದ್ ಜನಕ್ಕೆ ಸರಿ ಆಯ್ತಲೆ ಜಲಜಕ್ಕ. ನಾಕ್ ದಿನ ಕಾಣಿ, ರೂಢಿ ಆತ್ತ್” ಎಂದೆ.

“ಅಡ್ಡಿಲ್ಲೆ” ಎಂದರು. ಅವರಿಂದ ಕೇಳಿದ ಕೊನೆಯ ಮಾತು ಅದು. ಹನ್ನೊಂದನೇ ತರಗತಿಯಿಂದ ಗೈರು. ಎರಡು ಸಲ ಫೋನು ರಿಂಗಾಯಿತು, ಯಾರೂ ಎತ್ತಲಿಲ್ಲ. ಆಮೇಲೆ ಸ್ವಿಚ್ ಆಫ್.

ಮುಂದಿನ ಬ್ಯಾಚಿಗೆಂದು ಹಳೆಯ ಫೋಟೊಗಳನ್ನು ಸಾಲಾಗಿ ಜೋಡಿಸುತ್ತಿದ್ದೆ. ಹನ್ನೊಂದು ಮಂದಿಯ ಕೆಲಸದಲ್ಲೂ ಕಡ್ಡಿ ನಿಂತದ್ದು ಎಡತುದಿಯಲ್ಲಿ; ಬಲಗೈಯವರು ಹೆಣೆಯುವುದು ಬಲದಿಂದ ಎಡಕ್ಕೆ. ಜಲಜಕ್ಕನ ‘ಸರಿ’ ಬಿದ್ದ ಏಳೂ ಫೋಟೊಗಳಲ್ಲಿ ಬಲತುದಿಯಲ್ಲಿ. ಅವರು ಎಡಗೈಯವರು. ಎದುರಿಗೆ ಕೂತಿದ್ದ ನಾನು ಅವರಿಗೆ ಕನ್ನಡಿಯಾಗಿದ್ದೆ. ಧಾರೆ ಸೀರೆಗೆ ಎಡಗೈಯೇ ಎಂದು ಯಾರಾದರೂ ಆಡಿಯಾರೆಂಬ ಅಂಜಿಕೆಯೋ ಏನೋ, ಅವರು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಹಾಜರಿ, ಗೈರು, ಸರಿ, ತಪ್ಪು ಎಲ್ಲ ಬರೆದಿಟ್ಟಿದ್ದೆ. ಕೈ ಯಾವುದೆಂಬ ಕಾಲಮ್ಮೇ ಇರಲಿಲ್ಲ. ಪರದೆಯ ಆಚೆ ಇರುವವರು “ಬರುತ್ತಿಲ್ಲ” ಎಂದರೆ ಸಮಾಧಾನ ಹೇಳುವ ಮೊದಲು “ಹೇಗೆ ಹಿಡಿದಿದ್ದೀರಿ, ತೋರಿಸಿ” ಎನ್ನಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಈಗಲೂ ವಿಡಿಯೊ ಇಲ್ಲದ ಹೆಸರೊಂದು ಕಾಣಿಸಿಕೊಂಡರೆ, ಆ ದನಿಯೇ ಇರಬಹುದೇ ಎಂದು ಒಂದು ಕ್ಷಣ ಪಾಠ ನಿಲ್ಲಿಸುತ್ತೇನೆ.

ನಾವುಂದದ ಕಡೆಯವರು ಯಾರಾದರೂ ಜಲಜಕ್ಕನನ್ನು ಬಲ್ಲಿರಾದರೆ ದಯವಿಟ್ಟು ಈ ಪತ್ರಿಕೆಗೆ ಬರೆದು ತಿಳಿಸಿ. ಉಳಿದ ಪಾಠ ಹತ್ತು. ಅವರೊಬ್ಬರಿಗಾಗಿ ಎದುರಿಗೇ ಕೂರುತ್ತೇನೆ.