ಮಾಮನ ಅಳತೆಯ ರಾಗ

ಇವತ್ತು ಬೆಳಿಗ್ಗೆ ಹಾವೇರಿಯ ನಮ್ಮ ಮನೆಯಲ್ಲಿ, ಗಿರಣಿಗೆ ಕಳಿಸಲೆಂದು ಚೀಲದಿಂದ ಜೋಳ ಅಳೆಯುತ್ತ ಕೂತಿದ್ದೆ. ಜೋಳದ ಧೂಳು ಮೂಗಿಗೆ ಹತ್ತಿ ಸೀನು ಬಂತು. ಸೀನಿನ ಹಿಂದೆಯೇ ಬಾಯಿಂದ "ಲಾಭಾ... ಲಾಭಾ" ಎಂಬ ರಾಗವೂ ಹೊರಟಿತು. ನಿಮಗೆ ಗೊತ್ತಿರಬಹುದು, ನಮ್ಮ ಕಡೆ ಕಾಳು ಅಳೆಯುವಾಗ ಮೊದಲನೆಯ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ಎಣಿಕೆ ತಪ್ಪಬಾರದೆಂದು ಮುಂದಿನ ಸೇರು ಬೀಳುವ ತನಕ ಅದನ್ನೇ ಎಳೆದೆಳೆದು ಹೇಳುತ್ತಿರುವುದು ರೂಢಿ. ನನಗೆ ಈ ರಾಗ ಹತ್ತಿದ್ದು ರಾಣೆಬೆನ್ನೂರಿನ ಮಾಮನಿಂದ.

ಮಾಮ ಕಾಳಿನ ವ್ಯಾಪಾರಿ. ತೂಕದ ಯಂತ್ರ ಬಂದು ಎಷ್ಟೋ ಕಾಲವಾದರೂ ಮನೆಗೆ ತಂದ ಜೋಳವನ್ನು ಸೇರಿನಿಂದ ಅಳೆದೇ ಒಳಗಿಡುವವರು. ಮಾತೆಂದರೆ ಅವರಿಗೆ ಊಟವಿದ್ದಂತೆ. ಹೊತ್ತಾಯಿತು ಎಂದು ಎದ್ದ ನನ್ನನ್ನು ಬಾಗಿಲಲ್ಲೇ ಮಾತಿಗೆ ನಿಲ್ಲಿಸಿಕೊಂಡು ಎಷ್ಟೋ ಸಲ ರೈಲು ತಪ್ಪಿಸಿದ್ದಾರೆ. ಅಂಥವರಿಗೆ ಹೋದ ವರ್ಷ ಲಕ್ವಾ ಹೊಡೆಯಿತು. ಬಲಗೈ ಸ್ವಾಧೀನ ತಪ್ಪಿತು, ಮಾತೂ ಹೋಯಿತು. ನಾವು ಹೇಳಿದ್ದೆಲ್ಲ ತಿಳಿಯುತ್ತಿತ್ತು. ತಿರುಗಿ ಹೇಳಲು ಒಂದು ಶಬ್ದವೂ ಸಿಗುತ್ತಿರಲಿಲ್ಲ. ಸಾವಕಾಶ ಬರಬಹುದು, ಬರದೆಯೂ ಇರಬಹುದು ಎಂದರು ವೈದ್ಯರು.

ಚಿಂತೆ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಬಳಗದಲ್ಲಿಲ್ಲ. ವಾರವಾರ ಹೋಗಿ, ಮಂಚದ ಹತ್ತಿರ ಮೋರೆ ಜೋತುಹಾಕಿ ಕೂತು, ಕೊಟ್ಟ ಚಹಾ ಕುಡಿದು, ನಿಟ್ಟುಸಿರು ಬಿಟ್ಟು ಬರುತ್ತಿದ್ದೆ. ಬ್ಯಾಡಗಿಯಿಂದ ಬಂದ ಬೀಗರದೂ ಅದೇ ಕೆಲಸ. ಮಾಮನ ಹೆಂಡತಿ, ನಮ್ಮ ಅತ್ತೆಗೆ ಸಾಕಾಗಿರಬೇಕು.

"ತಮ್ಮಾ, ನೀ ಹಿಂಗ ಕುಂತ್ರ ಅವರಿಗೆ ಮಾತು ಬರ್ತೈತೇನು? ಏಳು, ಏನರ ಮಾಡಿ ನೋಡೂಣು" ಎಂದರು.

ಅತ್ತೆ ಹೆಸರು ಹೇಳಿಸಲೆಂದು ಕ್ಯಾಲೆಂಡರಿನ ಚಿತ್ರ ತೋರಿಸಿ ನೋಡಿದರು, ಆಗಲಿಲ್ಲ. ಬೇಕಾದಾಗ ಬಾರಿಸಲೆಂದು ಪೂಜೆಯ ಗಂಟೆ ಕೊಟ್ಟರು. ಮಾಮ ಅದನ್ನು ಗೋಡೆಗೆ ಎಸೆದರು. ಇದು ಬೇಡವೆಂದು ಹೇಳಿದರಲ್ಲ, ಅಷ್ಟಾದರೂ ತಿಳಿಯಿತು ಎನ್ನುತ್ತ ಗಂಟೆಯನ್ನು ದೇವರ ಜಗಲಿಗೆ ಮರಳಿಸಿ, ಅತ್ತೆ ಮತ್ತೊಂದು ಉಪಾಯಕ್ಕೆ ಹೊರಟರು.

ಒಂದು ಮಧ್ಯಾಹ್ನ ಅವರು ಪಡಸಾಲೆಯಲ್ಲಿ ಜೋಳ ಅಳೆಯುತ್ತಿದ್ದರು. ಮಂಚದ ಮೇಲೆ ಮಾಮನ ಎಡಗೈ ಒಂದೊಂದು ಸೇರಿಗೂ ಅಲುಗುತ್ತಿತ್ತು. ನಾನೂ ನೋಡಿದೆ. ನನಗದು ನಡುಕದಂತೆ ಕಂಡು ಇನ್ನೊಂದು ಚಿಂತೆ ಹತ್ತಿತು. ಅತ್ತೆ ಮಾತ್ರ ಜೋಳದ ರಾಶಿಯನ್ನು ಹಾಸಿದ ಬಟ್ಟೆಯ ಸಮೇತ ಮಂಚದ ಹತ್ತಿರ ಎಳೆದು ತಂದರು. ಮಾಮನನ್ನು ಎಬ್ಬಿಸಿ ಕೂಡ್ರಿಸಿ, ಎಡಗೈಗೆ ಸೇರು ಕೊಟ್ಟರು.

ಮಾಮ ತುಂಬಿದರು, ಸುರಿದರು.

"ಲಾಭಾ... ಲಾಭಾ."

ದನಿ ಒಡಕಾಗಿತ್ತು, ರಾಗ ಹಳೆಯದೇ. ಆಮೇಲೆ "ಎರಡಾ... ಎರಡಾ." ಬರಿಯ ಮಾತಾಗಿ ಬಾರದ ಶಬ್ದ ರಾಗದ ಬೆನ್ನು ಹಿಡಿದು ಬಂದಿತ್ತು! ಮನುಷ್ಯನೊಳಗೆ ಇಂಥ ಹಿಂಬಾಗಿಲೂ ಇರುತ್ತದೆಯೆ ಎಂದು ಇಂದಿಗೂ ಬೆರಗಾಗುತ್ತೇನೆ. ಅದನ್ನು ತಟ್ಟಿ ನೋಡಿದ ಅತ್ತೆಯನ್ನು ನೆನೆದರೆ ಇನ್ನೂ ಹೆಚ್ಚು.

ಮರುದಿನದಿಂದ ಅದೇ ರಾಗಕ್ಕೆ "ನೀರಾ... ನೀರಾ", "ಚಹಾ... ಚಹಾ" ಕೂಡಿಕೊಂಡವು. ನಿಮಗೆ ಅಂಜಿಕೆಯೇ ಆಗಲಿಲ್ಲವೆ ಎಂದು ಅತ್ತೆಯನ್ನು ಕೇಳಿದ್ದೆ.

"ಆಗದ ಏನು, ರಗಡ ಆತು. ಅಂಜಿಕೋತ ಕುಂದ್ರಾಕ ಪುರಸೊತ್ತ ಎಲ್ಲಿತ್ತು? ದಿನಾ ಒಂದು ಹೊಸಾದು ಮಾಡಿ ನೋಡೂದಿತ್ತಲ್ಲ."

ಇವತ್ತಿನ ನನ್ನ ಅಳತೆ ಅಲ್ಲಿಗೇ ಬಿಟ್ಟು ಈಗಷ್ಟೇ ರಾಣೆಬೆನ್ನೂರಿಗೆ ಫೋನ್ ಮಾಡಿದೆ. ಮಾಮನೇ ಎತ್ತಿದರು. ಅತ್ತೆಗೆ ಕೊಡಿರಿ ಎಂದೆ. ಮೊದಲಾಗಿದ್ದರೆ ಅವರು ತಡವರಿಸಿದ ಕೂಡಲೇ ಗಾಬರಿಬಿದ್ದು ಶಬ್ದವನ್ನು ನಾನೇ ಹುಡುಕಿ ಕೊಡುತ್ತಿದ್ದೆ. ಇವತ್ತು ಸುಮ್ಮನೆ ಕಾದೆ. ಮದುವೆಯಾದಾಗಿನಿಂದ ಅತ್ತೆಯನ್ನು "ಏ, ಕೇಳಿಲ್ಲಿ" ಎಂದಲ್ಲದೆ ಹೆಸರು ಹಿಡಿದು ಕರೆದವರಲ್ಲ ಮಾಮ. ಆ ಕಡೆ ಅಳತೆಯ ರಾಗ ಮೆಲ್ಲಗೆ ಎದ್ದಿತು.

"ಗಿರಿಜಾ... ಗಿರಿಜಾ."

ಒಳಗಿನ ಪಾತ್ರೆಯ ಸಪ್ಪಳ ನಿಂತಿತು. ನಾನು ಫೋನ್ ಇಡಲಿಲ್ಲ. ಆಮೇಲೆ ಅತ್ತೆಯ ದನಿ ಬಂತು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನೆಂದೂ ಕೇಳಿರಲಿಲ್ಲ.

"ಇನ್ನೊಮ್ಮೆ ಕರೀರಿ."