ಉತ್ತರಕ್ಕೆ ತಲೆಯಿದ್ದ ಏಳನೇ ಮಂಚ

ಸೂಜಿ ಒಳಗೆ ಹೋಗುವ ಮೊದಲು ನಾನು "ನಿಲ್ಲಿ" ಅನ್ನಬಹುದಿತ್ತು. ವಾರ್ಡಿನ ಬಾಗಿಲಲ್ಲೇ ನಿಂತಿದ್ದೆ, ಮಂಚಕ್ಕೂ ನನಗೂ ಹತ್ತು ಹೆಜ್ಜೆ. ಇಷ್ಟು ವರ್ಷಗಳ ನಂತರವೂ ಅಡುಗೆ ಮಾಡುವಾಗಲೋ ಬಸ್ಸಿನಲ್ಲಿ ಕುಳಿತಾಗಲೋ ಆ ಹತ್ತು ಹೆಜ್ಜೆ ಮನಸ್ಸಿನಲ್ಲೇ ನಡೆಯುತ್ತೇನೆ. ಒಮ್ಮೆಯೂ ಹೊತ್ತಿಗೆ ಸರಿಯಾಗಿ ಮುಟ್ಟುವುದಿಲ್ಲ.

ಎಂಬತ್ತರ ದಶಕದ ಆರಂಭದಲ್ಲಿ ಉಡುಪಿಯ ಬನ್ನಂಜೆಯ ಒಂದು ನರ್ಸಿಂಗ್ ಹೋಮಿಗೆ ನಾನು ಮ್ಯಾನೇಜರ್ ಆಗಿ ಸೇರಿದೆ. ಮಣಿಪಾಲದಲ್ಲಿ ಬಿ.ಕಾಂ. ಮುಗಿಸಿ, ಅಂಚೆಯ ಮೂಲಕ ಆಡಳಿತದ ಒಂದು ಕೋರ್ಸನ್ನೂ ಮಾಡಿದ್ದೆ. ದಿನಾ ಬೆಳಿಗ್ಗೆ ಕಾಪುವಿನಿಂದ ಬಸ್ಸು ಹತ್ತುತ್ತಿದ್ದೆ. ಹನ್ನೆರಡು ಮಂಚಗಳ ಸಣ್ಣ ಆಸ್ಪತ್ರೆ ಅದು. ಮಾಲೀಕರಾದ ಡಾಕ್ಟರು ಬೆಳಿಗ್ಗೆಯಿಂದ ಸಂಜೆಯವರೆಗೆ ರೋಗಿಗಳಲ್ಲೇ ಮುಳುಗಿರುತ್ತಿದ್ದರು. "ಆಸ್ಪತ್ರೆ ನಡೆಸುವುದು ನಿಮ್ಮ ಕೆಲಸ" ಎಂದು ಹೇಳಿ ನನಗೊಂದು ಮೇಜು, ಕುರ್ಚಿ, ಮೇಜಿನ ಮೇಲೆ ಹುದ್ದೆಯ ಫಲಕ ಕೊಟ್ಟರು. ಆ ಫಲಕವನ್ನು ನಾನು ಮನೆಯಿಂದ ತಂದ ಬಟ್ಟೆಯಿಂದ ಒರೆಸುತ್ತಿದ್ದೆ.

ಆದರೆ ಆಸ್ಪತ್ರೆಯನ್ನು ನಿಜವಾಗಿ ನಡೆಸುತ್ತಿದ್ದವರು ಹಿರಿಯ ಸಿಸ್ಟರ್. ನಲವತ್ತೈದರ ಆಸುಪಾಸಿನ, ದಪ್ಪ ಕನ್ನಡಕದ ಹೆಂಗಸು. ಮನೆಮಾತು ಕೊಂಕಣಿ. ವಾರ್ಡಿನಲ್ಲಿ ಮಾತ್ರ ಒಂದು ಮಂಚದ ಬಳಿ ತುಳು, ಪಕ್ಕದ ಮಂಚದ ಬಳಿ ಬ್ಯಾರಿ ಭಾಷೆ, ಡಾಕ್ಟರ ಹತ್ತಿರ ಪುಸ್ತಕದ ಕನ್ನಡ. ರೋಗಿಗಳು ಅವರನ್ನು ಅಕ್ಕ ಎನ್ನುತ್ತಿದ್ದರು. ನನ್ನನ್ನು ಆಫೀಸಿನವರು ಎನ್ನುತ್ತಿದ್ದರು. ಗಂಜಿ ತಡವಾಯಿತೋ, ಫ್ಯಾನ್ ಕೆಟ್ಟಿತೋ, ಜನ ನನ್ನ ಮೇಜನ್ನು ದಾಟಿಕೊಂಡು ಅವರನ್ನು ಹುಡುಕುತ್ತಾ ಹೋಗುತ್ತಿದ್ದರು. ಒಮ್ಮೆ ಒಬ್ಬ ಮುದುಕ ನನ್ನೆದುರಿಗೇ ನಿಂತು, "ಇಲ್ಲಿ ಜವಾಬ್ದಾರಿಯವರು ಯಾರೂ ಇಲ್ವಾ?" ಎಂದು ಕೇಳಿದ. ನಾನು ಬಾಯಿ ತೆರೆಯುವುದರೊಳಗೆ ಆಯಾ, "ಅಕ್ಕ ಒಳಗೆ ಇದ್ದಾರೆ, ಹೋಗಿ" ಎಂದಳು. ಆ ದಿನ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಎರಡು ಗಂಟೆಗೆ ನರ್ಸುಗಳ ಪಾಳಿ ಬದಲಾಗುತ್ತಿತ್ತು. ಆಗ ಸಿಸ್ಟರದ್ದೊಂದು ಪದ್ಧತಿ ಇತ್ತು. ಹೋಗುವವರೂ ಬರುವವರೂ ಒಟ್ಟಿಗೆ ಪ್ರತಿ ಮಂಚದ ಬಳಿ ನಿಲ್ಲಬೇಕು. ರೋಗಿಯೇ ತನ್ನ ಹೆಸರು, ಯಾವ ಮನೆ, ಯಾಕೆ ಬಂದದ್ದು, ಯಾವ ಮದ್ದು ತನಗೆ ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಬೇಕು. ನಿನ್ನೆ ಹೇಳಿದವರೂ ಇಂದು ಮತ್ತೆ ಹೇಳಬೇಕು.

"ಎಂತ ಅಕ್ಕ, ನಿನ್ನೆ ಹೇಳಿದ್ದು ಮರೆತುಹೋಯ್ತಾ?" ಎಂದು ಒಬ್ಬಳು ಕೇಳಿದರೆ, "ನನಗೆ ಮರೆತಿಲ್ಲ ಮಾರಾಯ್ತಿ, ನಿನಗೆ ನೆನಪುಂಟಾ ಅಂತ ನೋಡುವುದು" ಎನ್ನುತ್ತಿದ್ದರು. ಇಡೀ ವಾರ್ಡು ನಗುತ್ತಿತ್ತು. ಆ ನಗು ಗೋಡೆ ದಾಟಿ ನನ್ನ ಕೋಣೆಗೆ ಬರುತ್ತಿತ್ತು. ನಾನು ಫೈಲು ತೆರೆದುಕೊಂಡು ಒಬ್ಬಳೇ ಕುಳಿತಿರುತ್ತಿದ್ದೆ.

ಅದನ್ನು ನಿಲ್ಲಿಸಲು ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ದಿನಕ್ಕೆ ಅರ್ಧ ಗಂಟೆ ಹಾಳು ಎಂದು ಡಾಕ್ಟರಿಗೆ ಬರೆದುಕೊಟ್ಟೆ. ಇನ್ನು ಮುಂದೆ ಮಂಚಗಳಿಗೆ ನಂಬ್ರ. ರೋಗಿಗೆ ಯಾವ ಮಂಚ ಎಂದು ಆಫೀಸು ಸಾಲಾಗಿ ಗೊತ್ತು ಮಾಡುತ್ತದೆ. ಕೇಸ್ ಶೀಟು ಅದೇ ಮಂಚದ ಕಾಲ ಕಡೆಯ ಮೊಳೆಯಲ್ಲಿ ತೂಗಬೇಕು. ಪಾಳಿ ಬದಲಾಗುವಾಗ ನಂಬ್ರದ ಪ್ರಕಾರ ಒಂದು ಪುಸ್ತಕದಲ್ಲಿ ಬರೆದು, ನನ್ನ ಮೇಜಿನ ಬಳಿ ಸಹಿ ಹಾಕಿ ಹೋದರೆ ಮುಗಿಯಿತು. ಡಾಕ್ಟರು ಓದಿ, "ಒಳ್ಳೆಯದೇ" ಎಂದರು.

ಸಿಸ್ಟರ್ ಪುಸ್ತಕವನ್ನು ತಿರುವಿ ನೋಡಿದರು. "ಮೇಡಂ, ನಂಬ್ರಕ್ಕೆ ಬಾಯಿ ಇಲ್ಲ" ಎಂದರು.

"ಕಾಗದಕ್ಕೆ ಉಂಟಲ್ಲ" ಎಂದೆ. ಆ ಉತ್ತರ ಎಷ್ಟು ಚೆನ್ನಾಗಿ ಹೊಳೆಯಿತು ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಖುಷಿಪಟ್ಟೆ.

ಮೂರು ವಾರ ಎಲ್ಲವೂ ಸರಿಯಾಗಿಯೇ ನಡೆಯಿತು.

ಹೆಂಗಸರ ವಾರ್ಡಿನಲ್ಲಿ ಮಂಚಗಳು ಎರಡು ಸಾಲು. ಒಂದು ಸಾಲಿನಲ್ಲಿ ಮಲಗುವವರ ತಲೆ ದಕ್ಷಿಣಕ್ಕೆ, ಎದುರು ಸಾಲಿನಲ್ಲಿ ಉತ್ತರಕ್ಕೆ. ನಮ್ಮ ಮನೆಗಳಲ್ಲಿ ಉತ್ತರಕ್ಕೆ ತಲೆಹಾಕಿ ಯಾರೂ ಮಲಗುವುದಿಲ್ಲ. ಮೊದಲು ಸಿಸ್ಟರ್ ಇದನ್ನು ನೋಡಿಕೊಂಡೇ ಮಂಚ ಕೊಡುತ್ತಿದ್ದರು. ಅದು ನನಗೆ ಗೊತ್ತೇ ಇರಲಿಲ್ಲ. ನಾನು ಖಾಲಿ ಇದ್ದ ನಂಬ್ರ ನೋಡಿ ಕೊಡುತ್ತಿದ್ದೆ. ಹಾಗೆ ಕಾರ್ಕಳದ ಕಡೆಯಿಂದ ಕಾಲಿನ ಗಾಯ ಕೀವಾಗಿ ಬಂದ ಹೆಂಗಸಿಗೆ ಏಳನೇ ಮಂಚ ಬಿತ್ತು, ತಲೆ ಉತ್ತರಕ್ಕೆ. ಅವಳಿಗೆ ದಿನಕ್ಕೆ ಎರಡು ಸಲ ಪೆನಿಸಿಲಿನ್ ಇಂಜೆಕ್ಷನ್. ಎದುರು ಸಾಲಿನ ಎರಡನೇ ಮಂಚದಲ್ಲಿ ಕಟಪಾಡಿಯ ಬ್ಯಾರಿ ಮುಸ್ಲಿಂ ಹೆಂಗಸೊಬ್ಬಳು ಇದ್ದಳು. ಜ್ವರ ಬಂದು ಸೇರಿದವಳು, ಇನ್ನೆರಡು ದಿನದಲ್ಲಿ ಮನೆಗೆ ಹೋಗುವವಳು.

ಮರುದಿನ ಮಧ್ಯಾಹ್ನ ಪಾಳಿಯ ಪುಸ್ತಕಕ್ಕೆ ಸಹಿ ಬಿದ್ದ ಮೇಲೆ ಕಾರ್ಕಳದವಳ ಸೊಸೆ ನನ್ನ ಮೇಜಿನ ಬಳಿ ಬಂದಳು.

"ಮೇಡಂ, ಅತ್ತೆ ನಿನ್ನೆಯಿಂದ ಕಣ್ಣು ಮುಚ್ಚಲಿಲ್ಲ. ಆ ಕಡೆಗೆ ತಲೆ ಹಾಕುವುದಿಲ್ಲ ಅಂತ ಕೂತೇ ಇದ್ದಾರೆ. ಎದುರಿನ ಮಂಚದ ಅಕ್ಕ ತಮ್ಮ ಮಂಚ ಕೊಡ್ತೇನೆ ಅಂದ್ರು. ಬದಲು ಮಾಡಿಕೊಳ್ಳಬಹುದಾ?"

ನನ್ನ ಬಳಿ ಬಂದಿದ್ದಳು. ಸಿಸ್ಟರ್ ಆಚೆಯ ಕೋಣೆಯಲ್ಲೇ ಇದ್ದರು, ಆದರೂ ನನ್ನನ್ನು ಕೇಳಿದಳು. ನಂಬ್ರ ಕೊಟ್ಟವರನ್ನೇ ಕೇಳಬೇಕೆಂದು ಅವಳಿಗೆ ಅನಿಸಿರಬೇಕು, ಅಷ್ಟೇ. ನಾನು ಮಾತ್ರ ಸಿಂಹಾಸನದಿಂದ ಅಪ್ಪಣೆ ಕೊಡುವವಳ ಹಾಗೆ, "ಮಾಡಿಕೊಳ್ಳಿ, ಅದಕ್ಕೆಂತ" ಎಂದೆ. ಸಿಸ್ಟರಿಗೆ ಒಂದು ಮಾತು ಹೇಳಬೇಕೆಂದು ಹೊಳೆಯಿತು. ಇದೊಂದಾದರೂ ನನ್ನದಾಗಿರಲಿ ಎಂದು ಸುಮ್ಮನಿದ್ದೆ. ಇಬ್ಬರು ಹೆಂಗಸರು ದಿಂಬು, ಫ್ಲಾಸ್ಕು, ಬಟ್ಟೆಯ ಗಂಟು ಎತ್ತಿಕೊಂಡು ಅತ್ತಿಂದಿತ್ತ ಹೋದರು. ಕೇಸ್ ಶೀಟುಗಳು ಮೊದಲಿನ ಮೊಳೆಗಳಲ್ಲೇ ಉಳಿದವು. ಅವುಗಳನ್ನು ಯಾರೂ ಮುಟ್ಟಬಾರದು ಎಂಬುದೂ ನನ್ನದೇ ನಿಯಮ.

ನಾಲ್ಕು ಗಂಟೆಗೆ ವಾರ್ಡಿನ ಬಾಗಿಲಿಗೆ ಹೋದೆ. ನನ್ನ ವ್ಯವಸ್ಥೆ ಹೇಗೆ ನಡೆಯುತ್ತಿದೆ ಎಂದು ನೋಡುವ ಆಸೆ. ಅಂದಷ್ಟೇ ರಜೆ ಮುಗಿಸಿ ಬಂದಿದ್ದ ನರ್ಸ್ ಏಳನೇ ಮಂಚದ ಶೀಟು ಓದಿ, ಮದ್ದು ಎಳೆದು, ಸಿರಿಂಜನ್ನು ಬೆಳಕಿಗೆ ಹಿಡಿದಳು. ಮಂಚದ ಮೇಲೆ ಕಟಪಾಡಿಯವಳು ಮಗ್ಗುಲಾದಳು. ಅವಳು ಯಾರೆಂದು ನನಗೆ ಗೊತ್ತಿತ್ತು. ಆ ಶೀಟು ಯಾರದ್ದೆಂದೂ ಗೊತ್ತಿತ್ತು. ಎರಡೂ ಗೊತ್ತಿದ್ದೂ ಒಂದಕ್ಕೊಂದು ಕೂಡಿಕೊಳ್ಳಲಿಲ್ಲ. ನರ್ಸಿನ ಕೈ ಎಷ್ಟು ಚುರುಕು ಎಂದು ಮೆಚ್ಚುತ್ತಾ ನಿಂತಿದ್ದೆ.

ಐದು ನಿಮಿಷವೂ ಆಗಿರಲಿಲ್ಲ. ಕಟಪಾಡಿಯವಳು ಕುತ್ತಿಗೆ ಕೆರೆದುಕೊಂಡಳು. ತುಟಿ ಊದಿತು. "ಉಸಿರು" ಎಂದಳು, ಮುಂದೆ ಮಾತು ಹೊರಡಲಿಲ್ಲ. ಎರಡನೇ ಮಂಚದ ಮೊಳೆಯಲ್ಲಿ ತೂಗುತ್ತಿದ್ದ ಅವಳ ಶೀಟಿನಲ್ಲಿ ಕೆಂಪು ಶಾಯಿಯಿಂದ ಬರೆದಿತ್ತು, ಪೆನಿಸಿಲಿನ್ ಆಗುವುದಿಲ್ಲ ಎಂದು.

ಸಿಸ್ಟರ್ ಓಡಿಬರಲಿಲ್ಲ. ಬೇಗ ಬೇಗ ನಡೆದು ಬಂದರು. ಮುಖ ನೋಡಿದರು, ಸಿರಿಂಜ್ ನೋಡಿದರು. ಒಬ್ಬಳಿಗೆ "ಅಡ್ರಿನಲಿನ್", ಇನ್ನೊಬ್ಬಳಿಗೆ "ಆಕ್ಸಿಜನ್", ಆಯಾಗೆ "ಕಾಲು ಎತ್ತಿ ಹಿಡಿ, ಡಾಕ್ಟರಿಗೆ ಹೇಳಿಕಳಿಸು". ಗಟ್ಟಿಯಾಗಿ ಏನನ್ನೂ ಹೇಳಲಿಲ್ಲ. ಅಳುತ್ತಿದ್ದ ನರ್ಸಿನ ಕೈಗೆ ನಾಡಿ ಕೊಟ್ಟು, "ಎಣಿಸು, ನನಗೆ ಹೇಳುತ್ತಾ ಇರು" ಎಂದರು. ಅವಳು ಅಳು ನಿಲ್ಲಿಸಿ ಎಣಿಸಿದಳು. ಸಿಸ್ಟರ್ ತಾವೇ ಸೂಜಿ ಚುಚ್ಚಿ, ಹೆಂಗಸಿನ ಕಿವಿಯ ಹತ್ತಿರ ಬ್ಯಾರಿಯಲ್ಲಿ ಏನೋ ಹೇಳುತ್ತಲೇ ಇದ್ದರು. ನಾನು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿದ್ದೆ. ನನಗೆ ಯಾರೂ ಏನೂ ಹೇಳಲಿಲ್ಲ, ಏಕೆಂದರೆ ನನ್ನಿಂದ ಆಗಬೇಕಾದದ್ದು ಏನೂ ಇರಲಿಲ್ಲ. ಒಂದು ಜೀವ ಹೋಗುತ್ತಿತ್ತು. ಆ ಹೊತ್ತಿನಲ್ಲೂ ನನ್ನೊಳಗಿನ ಒಂದು ಮೂಲೆ, ಇವರ ಮಾತನ್ನು ಎಲ್ಲರೂ ಹೇಗೆ ಕೇಳುತ್ತಾರೆ ನೋಡು ಎಂದು ಕುದಿಯುತ್ತಿತ್ತು. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಸಂಜೆಯ ಹೊತ್ತಿಗೆ ಅವಳ ಉಸಿರು ತಹಬಂದಿಗೆ ಬಂತು. ಡಾಕ್ಟರು ನಮ್ಮನ್ನೆಲ್ಲ ಕರೆದು, "ಮಂಚ ಬದಲಾಯಿಸಲು ಹೇಳಿದ್ದು ಯಾರು?" ಎಂದು ಕೇಳಿದರು. ನಾನು ಅವರ ಮೇಜಿನ ಗಾಜನ್ನು ನೋಡುತ್ತಾ ನಿಂತೆ.

"ವಾರ್ಡು ನನ್ನದು ಡಾಕ್ಟ್ರೇ" ಎಂದರು ಸಿಸ್ಟರ್. "ನಾನು ನೋಡಬೇಕಿತ್ತು."

ಕಾರ್ಕಳದವಳ ಸೊಸೆ ಸಿಸ್ಟರಿಗೆ ಎಲ್ಲವನ್ನೂ ಹೇಳಿಯಾಗಿತ್ತು ಎಂದು ನನಗೆ ಗೊತ್ತಿತ್ತು. ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬೈದಿದ್ದರೆ ಎದುರು ಮಾತಾಡಬಹುದಿತ್ತು.

ಎರಡು ದಿನ ಕಳೆದ ಮೇಲೆ ಕಟಪಾಡಿಯವಳ ಅಣ್ಣ ಆಫೀಸಿಗೆ ಬಂದರು. ಕಟಪಾಡಿಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡವರು. ನನ್ನೆದುರು ಕೂತು, "ಸಿಸ್ಟರ್ ನಮಗೆಲ್ಲ ಹೇಳಿದ್ರು. ತಪ್ಪು ಇಂಜೆಕ್ಷನ್ ಹೋಯ್ತು, ಆಸ್ಪತ್ರೆಯ ಕಡೆಯ ತಪ್ಪು ಅಂತ. ಮುಚ್ಚಿಡಬಹುದಿತ್ತು, ನಮಗೆ ಎಲ್ಲಿ ಗೊತ್ತಾಗ್ತಿತ್ತು? ಅಂಥವರನ್ನು ಬಿಡಬೇಡಿ" ಎಂದರು.

ತಪ್ಪು ನನ್ನದು. ಅದನ್ನು ಒಪ್ಪಿಕೊಂಡ ಗೌರವವೂ ಅವರಿಗೇ ಹೋಯಿತು. ಅದಾದರೂ ಅವರಿಗೆ ಸಿಗಬಾರದು ಎನಿಸಿ ಬಾಯಿ ತೆರೆದೆ. ಅದು ಪಶ್ಚಾತ್ತಾಪ ಎಂದು ಬರೆದರೆ ಸುಳ್ಳಾಗುತ್ತದೆ.

"ಮಂಚ ಬದಲಾಯಿಸಿಕೊಳ್ಳಿ ಅಂತ ಹೇಳಿದವಳು ನಾನು. ಸಿಸ್ಟರಿಗೆ ತಿಳಿಸದೆ ಹೇಳಿದ್ದು" ಎಂದೆ.

ಅವರು ಕೇಳಿದರು, "ಡಾಕ್ಟರಿಗೆ ಹೇಳಿದ್ರಾ?"

"ಇಲ್ಲ."

"ಮತ್ತೆ ನನಗ್ಯಾಕೆ ಹೇಳ್ತೀರಿ? ಅಂಗಡಿಯಲ್ಲಿ ಹುಡುಗರು ಬಟ್ಟೆ ತಪ್ಪು ಕತ್ತರಿಸಿದರೆ ನನಗೆ ಹೇಳಬೇಕು. ಗಿರಾಕಿಗೆ ಹೇಳಿ ಎಂತ ಉಪಯೋಗ?" ಅವರು ಎದ್ದರು. ಬಾಗಿಲಲ್ಲಿ ನಿಂತು, "ತಂಗಿಗೆ ಮೂರು ಮಕ್ಕಳು" ಎಂದಷ್ಟೇ ಹೇಳಿ ಹೋದರು.

ನಾನು ಡಾಕ್ಟರ ಕೋಣೆಗೆ ಹೋದೆ. ಸಿಸ್ಟರ್ ಅಲ್ಲೇ ಇದ್ದರು. ಅವರು ಹೊರಗೆ ಹೋಗುವವರೆಗೆ ಕಾದರೆ ನನ್ನ ಧೈರ್ಯ ಉಳಿಯುವುದಿಲ್ಲ ಎನಿಸಿತು. ಇಬ್ಬರ ಮುಂದೆಯೂ ಹೇಳಿದೆ, ಸೊಸೆ ಬಂದದ್ದು, ನಾನು ಒಪ್ಪಿಗೆ ಕೊಟ್ಟದ್ದು, ಬೇಕೆಂದೇ ತಿಳಿಸದೆ ಇದ್ದದ್ದು. ಯಾಕೆ ತಿಳಿಸಲಿಲ್ಲ ಎಂದು ಡಾಕ್ಟರು ಕೇಳಿದರು. "ಇವರನ್ನು ಬಿಟ್ಟು ನನ್ನನ್ನು ಕೇಳಿದ್ದರು, ಅದಕ್ಕೆ" ಎಂದೆ.

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. ನನ್ನನ್ನಲ್ಲ, ಸಿಸ್ಟರನ್ನು ನೋಡಿ ಕೇಳಿದರು. "ಇವರು ಇರಬಹುದಾ?"

ಸಿಸ್ಟರ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಅಷ್ಟು ಹೊತ್ತಿನಲ್ಲಿ ನಾನು ಮನೆಯಲ್ಲಿ ಏನು ಹೇಳಬೇಕೆಂದು ಯೋಚಿಸಿ ಮುಗಿಸಿದ್ದೆ.

"ಇರಲಿ" ಎಂದರು. "ಬಂದು ಹೇಳಿದ್ದಾರಲ್ಲ. ಆದರೆ ಮಂಚ ಕೊಡುವುದು ಇನ್ನು ನಾನು."

ಡಾಕ್ಟರು ತಲೆಯಾಡಿಸಿದರು. ನನ್ನ ಕೆಲಸ ಉಳಿಯಿತು. ಧನ್ಯವಾದ ಹೇಳಬೇಕಿತ್ತು, ಹೇಳಿದೆನೋ ಇಲ್ಲವೋ ನೆನಪಿಲ್ಲ. ಮ್ಯಾನೇಜರ್ ಇರಬೇಕೋ ಬೇಡವೋ ಎಂದು ಡಾಕ್ಟರು ಸಿಸ್ಟರನ್ನು ಕೇಳಿದರಲ್ಲ, ನೆನಪಿರುವುದು ಅದೊಂದೇ. ಕೇಳಬೇಕಾದವರನ್ನೇ ಅವರು ಕೇಳಿದ್ದರು, ಅದೂ ಆಗಲೇ ನನಗೆ ಗೊತ್ತಿತ್ತು.