ಕುಂಬಾರವಾಡಕ್ಕೆ, ಸೂಜಿಗಿಂತ ಮೊದಲು

ಮುಂಡಗೋಡ ಬಿಟ್ಟಾಗ ಮಳೆ ಇರಲಿಲ್ಲ ಎಂದು ನನ್ನ ನೆನಪು. ಆದರೆ ಚೀಲದಲ್ಲಿ ಉಳಿದ, ಹೆಂಗಸರಿಗೆ ಬಸ್ಸಿನಲ್ಲಿ ಕೊಡುವ ಶೂನ್ಯ ದರದ ಟಿಕೆಟ್ ಒದ್ದೆಯಾಗಿ ಒಣಗಿದೆ. ಟಿಕೆಟನ್ನೇ ನಂಬುತ್ತೇನೆ. ಅದರ ಮೇಲೆ ಬೆಳಿಗ್ಗೆ ಆರು ಹತ್ತು ಎಂದಿದೆ. ಅಂದು ಗುರುವಾರ, ಕುಂಬಾರವಾಡದ ಅಂಗನವಾಡಿಯಲ್ಲಿ ಲಸಿಕೆಯ ದಿನ.

ಬಸ್ಸು ಹತ್ತುವ ಅರ್ಧ ತಾಸು ಮೊದಲು ಹುಬ್ಬಳ್ಳಿಯ ಆಸ್ಪತ್ರೆಯಿಂದ ಭಾವ ಫೋನ್ ಮಾಡಿದ್ದರು. ಅಕ್ಕನ ಹಿರಿಮಗಳು ಅಲ್ಲಿ ಮಲಗಿ ಎರಡು ತಿಂಗಳಾಗಿತ್ತು. ಕ್ಷಯ ತಡೆಯಲು ಎಲ್ಲ ಕೂಸುಗಳಿಗೂ ಹಾಕುವ ಬಿಸಿಜಿ ಲಸಿಕೆಯಲ್ಲಿ ಬಲಗುಂದಿಸಿದ ಜೀವಂತ ರೋಗಾಣು ಇರುತ್ತದೆ. ಅದು ಇವಳ ಮೈಯಲ್ಲಿ ಸಾಯದೆ ಮೂಳೆಗೆ ಇಳಿದಿತ್ತು. ಜೀನ್ ಪರೀಕ್ಷೆಯ ವರದಿ ಹಿಂದಿನ ಸಂಜೆ ಕಾರಣ ಹೇಳಿತ್ತು: ರೋಗಾಣು ಹೊಕ್ಕ ಸುದ್ದಿಯನ್ನು ಹಿಡಿಯಬೇಕಾದ ಗ್ರಾಹಕ, ಅಂದರೆ ರಿಸೆಪ್ಟರ್, ಅವಳ ಬಿಳಿ ರಕ್ತಕಣಗಳ ಮೇಲೆ ಸರಿಯಾಗಿ ಮೂಡಿಲ್ಲ. ಅದೇ ಜೀನಿನ ದೋಷ ಒಬ್ಬರಲ್ಲಿ ಕ್ಷಯವಾಗಿ, ಒಬ್ಬರಲ್ಲಿ ಮೂಳೆಯ ಹುಣ್ಣಾಗಿ, ಮತ್ತೊಬ್ಬರಲ್ಲಿ ಬಿಟ್ಟುಬಿಟ್ಟು ಬರುವ ಜ್ವರವಾಗಿ ಕಾಣಬಹುದೆಂದು ಡಾಕ್ಟರು ವಿವರಿಸಿದ್ದರಂತೆ. ಇತ್ತ ಕುಂಬಾರವಾಡದಲ್ಲಿ ಅಕ್ಕನ ಮಡಿಲಲ್ಲಿ ಬಿಸಿಜಿ ಇನ್ನೂ ಹಾಕಿಸದ ಒಂದೂವರೆ ತಿಂಗಳ ಗಂಡುಕೂಸು. ರಾತ್ರಿಯೆಲ್ಲ ಭಾವ ಒತ್ತಿದರೂ ಅವಳ ಫೋನು ಸಿಕ್ಕಿರಲಿಲ್ಲ.

“ಇವನ ರಕ್ತ ನೋಡೂತನಾ ಆ ಸೂಜಿ ಬ್ಯಾಡಂತ. ನೀ ಹೋಗಿ ತಡಿಯವಾ,” ಎಂದರು ಭಾವ.

ಹಳಿಯಾಳದಲ್ಲಿ ಇಡ್ಲಿ ಕಟ್ಟಿಸಿಕೊಂಡೆ, ತಿನ್ನಲಿಲ್ಲ. ದಾಂಡೇಲಿಯಲ್ಲಿ ಬಸ್ಸು ತಪ್ಪಿತು. ಮುಂದಿನದಕ್ಕಾಗಿ ಮುಕ್ಕಾಲು ತಾಸು ಕಾಗದ ಕಾರ್ಖಾನೆಯ ವಾಸನೆಯಲ್ಲಿ ನಿಂತೆ. ಅರ್ಧ ತಾಸೇ ಇದ್ದೀತು. ಅಕ್ಕನ ನಂಬರನ್ನು ಹನ್ನೊಂದು ಸಲ ಒತ್ತಿದ್ದು ಮಾತ್ರ ಫೋನಿನಲ್ಲಿ ಉಳಿದಿದೆ.

ಜೋಯಿಡಾದಿಂದ ಹೊರಟ ಬಸ್ಸಿನಲ್ಲಿ ಪಕ್ಕದ ಹೆಂಗಸು ಚೀಲ ಸರಿಪಡಿಸಲು ತನ್ನ ಕೂಸನ್ನು ನನ್ನ ತೊಡೆಯ ಮೇಲಿಟ್ಟಳು. ಹೆಸರು ಶೇವಂತಿ. ಅವಳೂ ಕುಂಬಾರವಾಡಕ್ಕೆ, ಲಸಿಕೆಗೇ ಹೊರಟಿದ್ದಳು.

“ಎರಡ ಗುರುವಾರ ಹೊಳ್ಳಿ ಹೋಗೇನ್ರಿ. ಬಿಸಿಜಿ ಬಾಟ್ಲಿ ಒಡದರ ನಾಲ್ಕ ತಾಸಿನಾಗ ಮುಗಸಬೇಕಂತ. ಐದ ಕೂಸ ಕೂಡೂತನಾ ಸಿಸ್ಟರ್ ಒಡ್ಯಾಂಗಿಲ್ಲ. ಇವತ್ತ ಊರಾಗ ನಾಲ್ಕ ಅದಾವ. ನಂದ ಐದನೇದು.”

ಎರಡು ವಾರ ಅಕ್ಕನ ಕೂಸನ್ನು ಕಾಯ್ದದ್ದು ಈ ಲೆಕ್ಕ. ಅದನ್ನು ಭರ್ತಿ ಮಾಡುವ ಕೂಸು ನನ್ನ ತೊಡೆಯ ಮೇಲೆ ನಿದ್ದೆ ಮಾಡುತ್ತಿತ್ತು. ಇವಳು ಇಂದು ತಲುಪದಿದ್ದರೆ ಎಂದುಕೊಂಡೆ. ಹಾಗೆ ಅಂದುಕೊಂಡದ್ದು ಚೆನ್ನಾಗಿ ನೆನಪಿದೆ.

ಬಸ್ಸಿಳಿದಲ್ಲಿ ಶೇವಂತಿಯ ಮೈದುನ ಬೈಕ್ ಹಿಡಿದು ನಿಂತಿದ್ದ. ಅಂಗನವಾಡಿ ಒಂದು ಕಿಲೋಮೀಟರ್ ಏರಿನ ಮೇಲೆ. ನನಗೆ ಜಾಗವಿರಲಿಲ್ಲ. ಅಕ್ಕನ ಹೆಸರು, ವರದಿಯ ವಿಷಯ, ಎಲ್ಲವನ್ನೂ ಅವಳಿಗೆ ಒಂದೇ ಉಸಿರಿನಲ್ಲಿ ಹೇಳಿದೆ. ಅವಳು ತಲೆಯಾಡಿಸಿದಳೋ, ಕೂಸಿನ ಕುಲಾವಿ ಕಟ್ಟಲು ಬಗ್ಗಿದಳೋ ತಿಳಿಯುವುದರೊಳಗೆ ಬೈಕ್ ಹೋಯಿತು. ಚಪ್ಪಲಿ ಕೈಯಲ್ಲಿ ಹಿಡಿದು ಓಡಿದೆ.

ತಲುಪಿದಾಗ ಬಾಟ್ಲಿ ಒಡೆದಾಗಿತ್ತು. ನಾಲ್ಕು ಕೂಸುಗಳು ಅಳುತ್ತಿದ್ದವು. ಸೂಜಿ ಸಿಸ್ಟರ್ ಕೈಯಲ್ಲಿತ್ತು. ಅಕ್ಕನ ಕೂಸಿನ ಎಡತೋಳನ್ನು ಶೇವಂತಿ ಅಂಗೈಯಿಂದ ಮುಚ್ಚಿ ಕೂತಿದ್ದಳು. ಅವಳದೇ ಕೂಸು ಪಕ್ಕದಲ್ಲಿ ಒದರುತ್ತಿತ್ತು.

“ಆಗಿಂದ ಕೈ ತಗೀವಲ್ಲಳು,” ಎಂದು ಸಿಸ್ಟರ್ ಸಿಡುಕಿದರು. “ಯಾರೋ ಓಡಿ ಬರಾಕತ್ತಾರಂತ. ನೀವ ಏನ್ರಿ?”

ಭಾವ ಫೋನಿಗೆ ಕಳಿಸಿದ್ದ ವರದಿಯ ಫೋಟೋ ತೋರಿಸಿದೆ. ಸಿಸ್ಟರ್ ಎರಡು ಸಲ ಓದಿ ಸೂಜಿ ಕೆಳಗಿಟ್ಟರು.

“ಹಂಗಾರ ಇವಗೂ ಐತೇನ?” ಅಕ್ಕ ಕೇಳಿದ್ದು ಅವರನ್ನಲ್ಲ, ನನ್ನನ್ನು.

ಗೊತ್ತಿಲ್ಲ ಎಂದೆ.

ಸಂಜೆಯ ಬಸ್ಸಿಗೆ ಅವಳು ಕೂಸನ್ನೆತ್ತಿಕೊಂಡು ರಕ್ತಪರೀಕ್ಷೆಗೆಂದು ನನ್ನ ಜೊತೆ ಹೊರಟಳು. ಶೇವಂತಿ ಕೈ ತೆಗೆದ ಜಾಗದಲ್ಲಿ ಈಗ ಅಕ್ಕನ ಅಂಗೈ ಇತ್ತು. ಜೋಯಿಡಾ ದಾಟಿತು, ದಾಂಡೇಲಿ ದಾಟಿತು, ಅವಳು ಅದನ್ನು ತೆಗೆಯಲಿಲ್ಲ.